ಹಳೇ ಶೆವಿ ಪಿಕಪ್‌ಗೆ ಬೇರೆ ಎಂಜಿನ್ ಕೂರಿಸಿದಿರಾ? ಇಂಟೇಕ್ ಮ್ಯಾನಿಫೋಲ್ಡ್ ಬದಲಿಸುವುದು ಹೀಗೆ

ಅಮೆರಿಕದಲ್ಲಿ 1967–72ರ ಶೆವ್ರೊಲೆ ಸಿ10 ಪಿಕಪ್ ಇಟ್ಟುಕೊಂಡವರು ಎಂಜಿನ್ ಬದಲಿಸಲು ಹೊರಟರೆ, ಹಲವರ ಕಣ್ಣು ಬೀಳುವುದು 1996ರಿಂದ 2000ದವರೆಗಿನ ಟ್ರಕ್ಕುಗಳಲ್ಲಿ ಬಂದ 5.7 ಲೀಟರ್ ವೋರ್ಟೆಕ್ ವಿ8 ಮೇಲೆ. ಇದೂ ಶೆವ್ರೊಲೆಯ ಹಳೇ 350 (ಘನ ಇಂಚಿನ) ವಿ8 ಎಂಜಿನ್ನಿನ ವಂಶದ್ದೇ. ಹಳೇ ಮೌಂಟಿಗೆ ಕೂರುತ್ತದೆ, ಹಳೇ ಗೇರ್‌ಬಾಕ್ಸಿಗೂ ಬೋಲ್ಟ್ ಆಗುತ್ತದೆ. ಅಲ್ಲಿಯವರೆಗೆ ಎಲ್ಲ ಸಲೀಸು. ತೊಡಕು ಶುರುವಾಗುವುದು ಮೇಲುಗಡೆ. ಆ ಎಂಜಿನ್ ಜೊತೆ ಬಂದ ಇಂಟೇಕ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗಳ ಭಾಗ, ಕಂಪ್ಯೂಟರ್ ನಡೆಸುವ ಇಂಜೆಕ್ಷನ್‌ಗೆ ಮಾಡಿದ್ದು, ನಿಮ್ಮ ಟ್ರಕ್ಕಿನಲ್ಲಿ ಕಂಪ್ಯೂಟರೇ ಇಲ್ಲ. ಕಾರ್ಬುರೇಟರ್ ಹಾಕಬೇಕೆಂದರೆ ಮ್ಯಾನಿಫೋಲ್ಡ್ ಬದಲಿಸಲೇಬೇಕು.

ಹಾಗಂತ ಹಳೇ ಎಂಜಿನ್ನಿನದ್ದನ್ನೇ ಎತ್ತಿ ಇದರ ಮೇಲೆ ಇಡೋಣ ಅಂದುಕೊಳ್ಳಬೇಡಿ, ಕೂರುವುದಿಲ್ಲ. ಮ್ಯಾನಿಫೋಲ್ಡ್ ಆರಿಸಬೇಕಾದದ್ದು ಸಿಲಿಂಡರ್ ಹೆಡ್ ನೋಡಿ. ಟ್ರಕ್ಕಿನ ವರ್ಷ, ಬ್ಲಾಕಿನ ವರ್ಷ ಎರಡೂ ಇಲ್ಲಿ ಲೆಕ್ಕಕ್ಕಿಲ್ಲ. 1955ರಿಂದ 86ರವರೆಗಿನ ಹೆಡ್‌ಗಳಿಗೆ ಹನ್ನೆರಡು ಬೋಲ್ಟ್, ಬದಿಗೆ ಆರಾರು. 1987ರಿಂದ 95ರವರೆಗಿನ ಕಬ್ಬಿಣದ ಹೆಡ್‌ಗಳಲ್ಲೂ ಹನ್ನೆರಡೇ, ಆದರೆ ನಡುವಿನ ನಾಲ್ಕರ ಕೋನ ಬೇರೆ. ವೋರ್ಟೆಕ್ ಹೆಡ್‌ಗೆ ಎಂಟೇ ಬೋಲ್ಟ್, ಅವೂ ನೆಟ್ಟಗೆ ಮೇಲಿನಿಂದ ಇಳಿಯುತ್ತವೆ. ಗಾಳಿ ಹೋಗುವ ಪೋರ್ಟ್ ಕೂಡ ಎತ್ತರವಾಗಿದೆ. ಎಂಜಿನ್ ಮಾರಿದವರ ಮಾತಿನ ಮೇಲೆ ಹೋಗದೆ ವಾಲ್ವ್ ಕವರ್ ಬಿಚ್ಚಿ ಎರಕದ ನಂಬರ್ ನೋಡಿ. 906 ಅಥವಾ 062ರಲ್ಲಿ ಮುಗಿಯುವ ನಂಬರ್ ಇದ್ದರೆ ಅದು ವೋರ್ಟೆಕ್. ಗುಜರಿಯಿಂದ ತಂದ ಎಂಜಿನ್ನಿನಲ್ಲಿ ಹೆಡ್ ಯಾವತ್ತೋ ಬದಲಾಗಿರಬಹುದು, ಅದಕ್ಕೇ ಈ ತಪಾಸಣೆ ಆಗುವ ತನಕ ಆರ್ಡರ್ ಮಾಡಬೇಡಿ.

ವೋರ್ಟೆಕ್‌ಗೆಂದೇ ಮಾಡಿದ ಕಾರ್ಬುರೇಟರ್ ಮ್ಯಾನಿಫೋಲ್ಡ್‌ಗಳು ಅಂಗಡಿಯಲ್ಲೇ ಸಿಗುತ್ತವೆ. ಎಡೆಲ್‌ಬ್ರಾಕ್ 2116 ಅಂಥದ್ದೊಂದು. ದಿನಾ ಓಡಿಸುವ, ಸಾಮಾನು ಹೊರುವ ಟ್ರಕ್ಕಿಗೆ ಇಂಥ ತಗ್ಗಿನ ಡ್ಯುಯಲ್ ಪ್ಲೇನ್ (ಒಳದಾರಿ ಎರಡು ಅಂತಸ್ತಾಗಿ ಬೇರ್ಪಟ್ಟದ್ದು) ಸಾಕು. ರೇಸಿನ ಎತ್ತರದ್ದು ತಂದು ಸಿಗ್ನಲ್‌ನಲ್ಲಿ ಗೊರಗೊರ ಅನ್ನಿಸುವುದು ಸುಮ್ನೆ ದಂಡ. ಹಳೇ ಕ್ವಾಡ್ರಾಜೆಟ್ ಕಾರ್ಬುರೇಟರನ್ನೇ ಉಳಿಸಿಕೊಳ್ಳುವುದಾದರೆ ಅದರ ತೂತುಗಳ ಅಳತೆ ಇದಕ್ಕೆ ಸೇರುವುದಿಲ್ಲ, ಅಡಾಪ್ಟರ್ ಬೇಕು.

ಇದರ ಜೊತೆಗೇ ಬರುವ ಇನ್ನೊಂದಿಷ್ಟು ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ವೋರ್ಟೆಕ್ ಹೆಡ್‌ನಲ್ಲಿ ಬಿಸಿ ಹೊಗೆ ಮ್ಯಾನಿಫೋಲ್ಡ್ ಕೆಳಗೆ ಹಾಯುವ ದಾರಿ ಇಲ್ಲ, ಹಾಗಾಗಿ ಆ ಬಿಸಿಯಿಂದ ತೆರೆಯುವ ಹಳೇ ಚೋಕ್ ಕೆಲಸ ಮಾಡುವುದಿಲ್ಲ. ಎಲೆಕ್ಟ್ರಿಕ್ ಚೋಕ್ ಹಾಕಬೇಕು. ಬಹಳಷ್ಟು ವೋರ್ಟೆಕ್ ಬ್ಲಾಕ್‌ಗಳಲ್ಲಿ ಮೆಕ್ಯಾನಿಕಲ್ ಪೆಟ್ರೋಲ್ ಪಂಪಿಗೆ ಜಾಗವನ್ನೇ ಕೊರೆದಿಲ್ಲ. ಎಲೆಕ್ಟ್ರಿಕ್ ಪಂಪ್ ಹಾಕುವಾಗ ಇಂಜೆಕ್ಷನ್ನಿನ ಪಂಪ್ ಹಾಕಿಬಿಡಬೇಡಿ. ಅದರ ಒತ್ತಡ 60 ಪಿಎಸ್‌ಐ ಆಸುಪಾಸು, ಕಾರ್ಬುರೇಟರ್ ತಡೆಯುವುದು 5ರಿಂದ 7 ಅಷ್ಟೇ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕೂಡ ಬದಲಾಗಬೇಕು. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಎಚ್‌ಇಐ ಹಾಕಿ, ಆದರೆ ಈ ಎಂಜಿನ್ನಿನ ರೋಲರ್ ಕ್ಯಾಮ್ ಉಕ್ಕಿನದು, ಅದಕ್ಕೆ ಹೊಂದುವ ಮೆಲೊನೈಜ್ಡ್ (ಮೇಲ್ಮೈ ಗಟ್ಟಿ ಮಾಡಿದ) ಗೇರ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ.

ಇನ್ನು ಕೆಲಸ. ಎಂಜಿನ್ ತಣ್ಣಗಿರಲಿ, ಬ್ಯಾಟರಿ ನೆಗೆಟಿವ್ ತೆಗೆದಿಡಿ. ಕೂಲಂಟ್ ಪೂರ್ತಿ ಇಳಿಸಿ. ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿ ಪೂರ್ತಿ ಮೇಲೆ ಬರುವಂತೆ ಎಂಜಿನ್ನನ್ನು ಕೈಯಿಂದ ತಿರುಗಿಸಿ ನಿಲ್ಲಿಸಿ, ಆಮೇಲೆಯೇ ಡಿಸ್ಟ್ರಿಬ್ಯೂಟರ್ ಎಳೆಯಿರಿ. ಮೇಲಿನ ಕಪ್ಪು ಪ್ಲಾಸ್ಟಿಕ್ ಭಾಗ ಬಿಚ್ಚಿ, ಕೆಳಗಿನ ಅಲ್ಯೂಮಿನಿಯಂ ಭಾಗದ ಎಂಟು ಬೋಲ್ಟ್ ತೆಗೆಯಿರಿ. ಅಂಟಿಕೊಂಡಿದ್ದರೆ ಮೂಲೆಯಲ್ಲಿ ಮೀಟಿ ಎಬ್ಬಿಸಬಹುದು, ಗ್ಯಾಸ್ಕೆಟ್ ಕೂರುವ ಮುಖಕ್ಕೆ ಮಾತ್ರ ಸ್ಕ್ರೂಡ್ರೈವರ್ ತಾಗಿಸಬೇಡಿ.

ಅದು ಎದ್ದ ಕೂಡಲೇ ಕಾಣುವ ಕಣಿವೆಗೆ, ಅಂದರೆ ವಾಲ್ವ್ ಎತ್ತುವ ಲಿಫ್ಟರ್‌ಗಳಿರುವ ಜಾಗಕ್ಕೆ, ಬಟ್ಟೆ ತುರುಕಿ. ಪೋರ್ಟುಗಳಿಗೂ ತುರುಕಿ. ಈಗ ಹಳೇ ಗ್ಯಾಸ್ಕೆಟ್ ಕೆರೆಯುವ ಕೆಲಸ. ಜಾಸ್ತಿ ಹೊತ್ತು ಹಿಡಿಯುವುದು ಇದೇ, ಬೇಜಾರಿನದ್ದೂ ಇದೇ. ಬೇಗ ಆಗಲಿ ಅಂತ ಡ್ರಿಲ್ಲಿಗೆ ಉಜ್ಜುವ ಡಿಸ್ಕ್ ಸಿಕ್ಕಿಸಬೇಡಿ, ಅದರ ಪುಡಿ ಎಣ್ಣೆಗೆ ಬಿದ್ದರೆ ಬೇರಿಂಗ್ ತಿಂದುಹಾಕುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್, ಬ್ರೇಕ್ ಕ್ಲೀನರ್, ತಾಳ್ಮೆ, ಇಷ್ಟೇ ಸಾಮಾನು. ಕೊನೆಗೆ ಬೆರಳಾಡಿಸಿದರೆ ಗಾಜು ಸವರಿದ ಹಾಗೆ ನುಣುಪಾಗಿರಬೇಕು, ಜಿಡ್ಡು ಒಂಚೂರೂ ಇರಬಾರದು.

ಸೋರದಂತೆ ಹಚ್ಚುವ ಸಿಲಿಕೋನ್ ಮುಟ್ಟುವ ಮೊದಲು ಒಮ್ಮೆ ಮ್ಯಾನಿಫೋಲ್ಡನ್ನು ಗ್ಯಾಸ್ಕೆಟ್ ಜೊತೆ ಸುಮ್ನೆ ಇಟ್ಟು ನೋಡಿ. ಎಂಟೂ ಬೋಲ್ಟ್ ಬೆರಳಲ್ಲೇ ತಿರುಗಿ ಇಳಿಯುತ್ತವಾ? ಮುಂದೆ ಹಿಂದೆ ಬ್ಲಾಕಿಗೂ ಮ್ಯಾನಿಫೋಲ್ಡಿಗೂ ನಡುವಿನ ಸಂದು ಒಂದೇ ಸಮ ಇದೆಯಾ? ಹೆಡ್ ಅಥವಾ ಬ್ಲಾಕನ್ನು ಹಿಂದೆ ಯಾರಾದರೂ ಮೆಷಿನ್ ಮಾಡಿಸಿದ್ದರೆ ಅದು ಬಯಲಾಗುವುದು ಇಲ್ಲೇ.

ಎಲ್ಲ ಸರಿ ಇದ್ದರೆ ಮುಂದಕ್ಕೆ. ಗ್ಯಾಸ್ಕೆಟ್ ಪೊಟ್ಟಣದಲ್ಲಿ ಮುಂದಿನ, ಹಿಂದಿನ ಅಂಚಿಗೆಂದು ರಬ್ಬರ್ ಅಥವಾ ಕಾರ್ಕ್ ಪಟ್ಟಿ ಬಂದಿದ್ದರೆ ಕಸಕ್ಕೆ ಹಾಕಿ. ಬೋಲ್ಟ್ ಬಿಗಿಯುವಾಗ ಅವು ಜಾರಿ ಹೊರಬರುತ್ತವೆ, ಆಮೇಲೆ ಗೇರ್‌ಬಾಕ್ಸ್ ಮೇಲೆ ಎಣ್ಣೆ ಜಿನುಗುವುದು ನಿಲ್ಲುವುದೇ ಇಲ್ಲ. ಅವುಗಳ ಬದಲು ಆ ಎರಡು ಅಂಚಿನ ಮೇಲೆ 6 ಮಿಲಿಮೀಟರ್ ದಪ್ಪದ ಸಿಲಿಕೋನ್ ಗೆರೆ ಎಳೆಯಿರಿ. ಗೆರೆ ಎಲ್ಲೂ ಕಡಿಯಬಾರದು. ಎರಡೂ ತುದಿಯಲ್ಲಿ ಹೆಡ್ ಮೇಲಕ್ಕೆ ಒಂದು ಸೆಂಟಿಮೀಟರಿಗಿಂತ ತುಸು ಜಾಸ್ತಿ ಹತ್ತಲಿ, ಸೋರುವುದು ಆ ಮೂಲೆಯಲ್ಲೇ. ಗ್ಯಾಸ್ಕೆಟ್‌ಗೆ ನೀರಿನ ತೂತಿನ ಸುತ್ತ ರಬ್ಬರ್ ಅಂಚು ಇದ್ದರೆ ಅದರ ಮೇಲೆ ಮತ್ತೆ ಸಿಲಿಕೋನ್ ಬಳಿಯುವುದು ಬೇಡ.

ಮ್ಯಾನಿಫೋಲ್ಡ್ ಇಳಿಸುವಾಗ ಅತ್ತಿತ್ತ ಜಾರಿತೋ, ಸಿಲಿಕೋನ್ ಒರೆಸಿ ಮೊದಲಿನಿಂದ ಶುರು ಮಾಡಬೇಕು. ಇದಕ್ಕೊಂದು ಉಪಾಯ ಇದೆ. ಉದ್ದದ ಎರಡು ಬೋಲ್ಟಿನ ತಲೆ ಕತ್ತರಿಸಿ, ಎದುರುಬದುರು ಮೂಲೆಯಲ್ಲಿ ತಿರುಗಿಸಿ ನಿಲ್ಲಿಸಿ. ಮ್ಯಾನಿಫೋಲ್ಡನ್ನು ಅವುಗಳ ಮೇಲಿಂದ ನೆಟ್ಟಗೆ ಇಳಿಸಿ. ವೋರ್ಟೆಕ್‌ನ ಬೋಲ್ಟ್ ನೆಟ್ಟಗಿರುವುದರಿಂದ ಇದು ಸಾಧ್ಯ, ಹಳೇ ಓರೆ ಬೋಲ್ಟಿನ ಹೆಡ್‌ಗೆ ಈ ಆಟ ನಡೆಯದು.

ಬಿಗಿಯುವುದರಲ್ಲಿ ಕೈ ಹಿಡಿತದಲ್ಲಿರಲಿ. ಹಳೇ ಹೆಡ್‌ಗೆ 30 ಫುಟ್-ಪೌಂಡ್ ಕೊಟ್ಟು ರೂಢಿ ಇದ್ದವರು ಇಲ್ಲೂ ಅಷ್ಟೇ ಎಳೆದುಬಿಡುತ್ತಾರೆ. ಕಂಪನಿಯ ಮೂಲ ಮ್ಯಾನಿಫೋಲ್ಡ್‌ಗೆ ಶೆವ್ರೊಲೆಯ ಮಾತೃಸಂಸ್ಥೆ ಜಿಎಂ (ಜನರಲ್ ಮೋಟರ್ಸ್) ಹೇಳುವುದು ಕೊನೆಗೆ 11 ಫುಟ್-ಪೌಂಡ್, ಅಂದರೆ 15 ನ್ಯೂಟನ್ ಮೀಟರ್ ಮಾತ್ರ, ಅದೂ ಮೂರು ಸುತ್ತಿನಲ್ಲಿ: ಮೊದಲು 3, ಆಮೇಲೆ 12, ಕೊನೆಗೆ 15 ನ್ಯೂಟನ್ ಮೀಟರ್. ಹೊಸ ಮ್ಯಾನಿಫೋಲ್ಡ್ ಪೆಟ್ಟಿಗೆಯ ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಆ ಚೀಟಿಯೇ ಪ್ರಮಾಣ. ನಡುವಿನ ಬೋಲ್ಟಿನಿಂದ ಶುರು ಮಾಡಿ ಅತ್ತೊಂದು ಇತ್ತೊಂದು ಅಂತ ಹೊರಕ್ಕೆ ಹೋಗಿ. ಇಷ್ಟು ಕಡಿಮೆ ಬಿಗಿತಕ್ಕೆ ದೊಡ್ಡ ಟಾರ್ಕ್ ರೆಂಚ್ ಸರಿಯಾಗಿ ಹೇಳುವುದಿಲ್ಲ, ಇಂಚ್-ಪೌಂಡಿನ ಚಿಕ್ಕದು ಬಾಡಿಗೆಗಾದರೂ ತನ್ನಿ. ಸಿಲಿಕೋನ್ ಒಣಗಲು ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಬಿಡಿ.

ಡಿಸ್ಟ್ರಿಬ್ಯೂಟರ್ ಇಳಿಸುವಾಗ ಕೊನೇ ಅರ್ಧ ಇಂಚು ಕೂರದೆ ನಿಂತರೆ ಸುತ್ತಿಗೆ ಹುಡುಕಬೇಡಿ. ಕೆಳಗೆ ಆಯಿಲ್ ಪಂಪಿನ ಕಡ್ಡಿಯ ಸೀಳಿಗೆ ಅದರ ನಾಲಿಗೆ ಹೊಂದಿಲ್ಲ, ಅಷ್ಟೇ. ಮತ್ತೆ ಎತ್ತಿ, ಉದ್ದದ ಸ್ಕ್ರೂಡ್ರೈವರ್‌ನಿಂದ ಆ ಕಡ್ಡಿಯನ್ನು ತುಸು ತಿರುಗಿಸಿ ಇಳಿಸಿ. ಪ್ಲಗ್ ವೈರಿನ ಕ್ರಮ 1-8-4-3-6-5-7-2, ಮೇಲಿಂದ ನೋಡಿದರೆ ಗಡಿಯಾರದ ದಿಕ್ಕಿಗೆ. ಬ್ರೇಕ್ ಬೂಸ್ಟರ್ ಪೈಪು, ಎಂಜಿನ್ ಒಳಗಿನ ಹೊಗೆಯನ್ನು ಇಂಟೇಕ್‌ಗೆ ಎಳೆಯುವ ಪಿಸಿವಿ ಪೈಪು ಸೇರಿಸಿ. ಗೇರ್‌ಬಾಕ್ಸ್ ಟರ್ಬೊ 350 ಆಟೊಮ್ಯಾಟಿಕ್ ಆಗಿದ್ದರೆ ಗೇರ್ ಬದಲಾಗುವುದನ್ನು ನಿಯಂತ್ರಿಸುವ ಅದರ ಮಾಡ್ಯುಲೇಟರ್‌ಗೂ ವ್ಯಾಕ್ಯೂಮ್ ಬೇಕು, ಮರೆತರೆ ಗೇರ್ ತಡವಾಗಿ, ಧಡಕ್ಕನೆ ಬೀಳುತ್ತದೆ.

ಸ್ಟಾರ್ಟ್ ಮಾಡುವ ಮೊದಲು ಎಣ್ಣೆ, ಫಿಲ್ಟರ್ ಎರಡನ್ನೂ ಬದಲಿಸಿ. ಎಷ್ಟೇ ಹುಷಾರಾಗಿದ್ದರೂ ಮ್ಯಾನಿಫೋಲ್ಡ್ ಎತ್ತುವಾಗ ಒಂದಿಷ್ಟು ಕೂಲಂಟ್ ಕಣಿವೆಗೆ ಚೆಲ್ಲಿರುತ್ತದೆ. ಓಡುವಾಗ ವ್ಯಾಕ್ಯೂಮ್ ಗೇಜ್ ಸಿಕ್ಕಿಸಿ. ಐಡಲ್‌ನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕ) ತೋರಿಸಿ ಮುಳ್ಳು ಅಲುಗದೆ ನಿಂತರೆ ಸೈ. ಮ್ಯಾನಿಫೋಲ್ಡ್ ಮೇಲ್ಬದಿಯ ಗಾಳಿ ಸೋರಿಕೆ ಸುಲಭವಾಗಿ ಸಿಗುತ್ತದೆ. ಕೆಳಗಿನದು ಕಳ್ಳ, ಕಣಿವೆಯಿಂದ ಎಣ್ಣೆಯನ್ನೇ ಎಳೆದು ಸುಡುತ್ತದೆ. ಪಿಸಿವಿ ಮತ್ತು ಬ್ರೀದರ್ ತೂತು ಮುಚ್ಚಿ, ಎಣ್ಣೆ ಹಾಕುವ ಬಾಯಿಗೆ ಅಂಗೈ ಇಡಿ. ಅಂಗೈಯನ್ನು ಒಳಕ್ಕೆ ಎಳೆದರೆ ಗ್ಯಾಸ್ಕೆಟ್ ಕೆಳಗಿನಿಂದ ಗಾಳಿ ಹೋಗುತ್ತಿದೆ ಅಂತಲೇ ಅರ್ಥ, ಮತ್ತೆ ಬಿಚ್ಚಬೇಕು. ಮೊದಲ ವಾರ ಡಿಪ್‌ಸ್ಟಿಕ್ ಎಳೆದು ನೋಡುತ್ತಿರಿ. ಎಣ್ಣೆ ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಗಾಡಿಯನ್ನು ಅಲ್ಲೇ ನಿಲ್ಲಿಸಿ.