ಪೌ ಟೌ ಪೌಂಗ್: ಇಂಗ್ಲೆಂಡಿನಲ್ಲಿ ಊರ ಡ್ರಮ್ಮರ್ ಆದ ನನ್ನ ಅನುಭವ

ಇಂಗ್ಲೆಂಡಿಗೆ ಬಂದು ಒಂಬತ್ತು ವರ್ಷ ಆದಮೇಲೆ ನಾನು ಮತ್ತೆ ತೊಗಲಿನ ವಾದ್ಯ ಮುಟ್ಟಿದೆ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಆರು ವರ್ಷ ಮೃದಂಗ ಕಲಿತಿದ್ದೆ. ಆಮೇಲೆ ಓದು, ಕೆಲಸ, ಮಕ್ಕಳು ಅಂತ ಬಿಟ್ಟೇಹೋಗಿತ್ತು. ನಾವಿರುವ ಊರಲ್ಲಿ ಪ್ರತಿ ಬೇಸಿಗೆಯಲ್ಲೂ ಒಂದು ದಿನ 1640ರ ಕಾಲದ ಸಂತೆ ಕಟ್ಟುತ್ತಾರೆ. ಜನ ಆ ಕಾಲದ ಬಟ್ಟೆ ಹಾಕಿಕೊಂಡು ಬ್ರೆಡ್ ಸುಡುತ್ತಾರೆ, ಉಣ್ಣೆ ನೂಲುತ್ತಾರೆ, ಕುದುರೆಗೆ ಲಾಳ ಹೊಡೆಯುತ್ತಾರೆ. ಆ ವರ್ಷ ಅವರಿಗೆ ಊರ ಡ್ರಮ್ಮರ್ ಬೇಕಾಗಿತ್ತು. ಮುಂಚೆ ಮಾಡುತ್ತಿದ್ದ ಹಿರಿಯರಿಗೆ ಮೊಣಕಾಲು ನೋವು, ಅಷ್ಟು ದೂರ ಡ್ರಮ್ ಹೊತ್ತು ನಡೆಯೋಕೆ ಆಗಲ್ಲ ಅಂದಿದ್ದರು. ನಾನು ಕೈ ಎತ್ತಿದೆ.

ಊರ ಡ್ರಮ್ಮರ್ ಅಂದರೆ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಅವನು ಸೈನ್ಯದವನಲ್ಲ, ಮದುವೆ ಮನೆಯ ವಾದ್ಯದವನೂ ಅಲ್ಲ. ಊರ ಆಡಳಿತದ ನೌಕರ. 16, 17ನೇ ಶತಮಾನದಲ್ಲಿ ಇಂಗ್ಲೆಂಡಿನ ಹಲವು ಊರುಗಳ ಲೆಕ್ಕದ ಪುಸ್ತಕಗಳಲ್ಲಿ ಡ್ರಮ್ಮರನಿಗೆ ಕೊಟ್ಟ ದುಡ್ಡು, ಹೊಲಿಸಿಕೊಟ್ಟ ಕೋಟು, ಡ್ರಮ್ಮಿಗೆ ಹಾಕಿಸಿದ ಹೊಸ ತೊಗಲು, ಎಲ್ಲಾ ಬರೆದಿಟ್ಟಿದ್ದಾರೆ. ಯಾರ್ಕ್, ನಾರ್ವಿಚ್‌ನಂಥ ದೊಡ್ಡ ಊರುಗಳಲ್ಲಿ ವೇಟ್ಸ್ ಅನ್ನೋ ಮೇಳ ಬೇರೆಯೇ ಇತ್ತು. ಅವರು ನಮ್ಮ ಓಲಗದ ತರಹದ ವಾದ್ಯ ಊದುತ್ತಿದ್ದರು, ಊರ ಸಮವಸ್ತ್ರ ಹಾಕುತ್ತಿದ್ದರು. ಅವರದು ಸಂಗೀತ, ಡ್ರಮ್ಮರನದು ಸುದ್ದಿ. ಮೇಯರ್ ಹೊರಡಿಸಿದ ಆಜ್ಞೆ, ಸಂತೆ ಶುರುವಾಗುವ ಹೊತ್ತು, ರಾತ್ರಿ ಕಾವಲಿನವರು ಸೇರಬೇಕಾದ ಜಾಗ, ಊರ ಗಂಡಸರು ಆಯುಧ ಹಿಡಿದು ಕವಾಯತಿಗೆ ಬರಬೇಕಾದ ದಿನ, ಇವೆಲ್ಲ ಓದು ಬರದ ಜನರ ಕಿವಿಗೆ ಬೀಳುತ್ತಿದ್ದದ್ದು ಡ್ರಮ್ಮಿನ ಜೊತೆಗೆ.

ಅಮ್ಮನಿಗೆ ಫೋನಲ್ಲಿ ಹೇಳಿದಾಗ, ‘ನಮ್ಮೂರಲ್ಲಿ ಡಂಗುರ ಹೊಡೀತಿದ್ರಲ್ಲ, ಅದೇ ಅಲ್ವೇನೋ?’ ಅಂದರು. ಹೌದು, ಅದೇ. ಅಜ್ಜಿಯ ಊರಲ್ಲಿ ಕುಳವಾಡಿಯೊಬ್ಬರು ತಮಟೆ ಬಡಿದು ‘ಕೇಳ್ರಪ್ಪೋ ಕೇಳಿ’ ಅಂತ ಸಾರುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಅವರಿಗೆ ಸುಗ್ಗಿಯಲ್ಲಿ ಮನೆಮನೆಯಿಂದ ಒಂದಿಷ್ಟು ರಾಗಿ ಸಿಗುತ್ತಿತ್ತು, ಅಷ್ಟೇ. ಊರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದ ಅವರನ್ನು ಯಾರೂ ಜಗಲಿ ಮೇಲೆ ಕೂರಿಸಿದ್ದು ನಾನು ನೋಡಿಲ್ಲ. ಇಲ್ಲಿನ ಲೆಕ್ಕದ ಪುಸ್ತಕದಲ್ಲಿ ಡ್ರಮ್ಮರನ ಕೋಟಿನ ಖರ್ಚು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಅವರೇ.

ಮೊದಲ ಪಾಠ ಡ್ರಮ್ಮಿನದೇ. ಈಗಿನ ಬ್ಯಾಂಡಿನ ಸ್ಟೀಲ್ ಡ್ರಮ್ ಅಲ್ಲ ಇದು. ಆ್ಯಶ್ ಮರದ ಹಲಗೆಯನ್ನು ಬಗ್ಗಿಸಿ ಮಾಡಿದ ದೊಡ್ಡ ಡ್ರಮ್, ಹತ್ತಿರ ಎರಡಡಿ ಎತ್ತರ. ಎರಡೂ ಕಡೆ ಕರುವಿನ ತೊಗಲು. ಕೆಳಗಿನ ತೊಗಲಿಗೆ ಅಡ್ಡಲಾಗಿ ಕರುಳಿನ ದಾರ ಎಳೆದಿರುತ್ತಾರೆ, ಆ ಚರಚರ ಸದ್ದು ಬರೋದು ಅದರಿಂದಲೇ. ಹಗ್ಗ ಮೇಲಿನ ಬಳೆಯಿಂದ ಕೆಳಗಿನ ಬಳೆಗೆ ಅಂಕುಡೊಂಕಾಗಿ ಓಡುತ್ತದೆ. ಎರಡೆರಡು ಹಗ್ಗಕ್ಕೆ ಒಂದೊಂದು ತೊಗಲಿನ ಪಟ್ಟಿ. ಪಟ್ಟಿ ಕೆಳಗೆ ಎಳೆದರೆ ಹಗ್ಗಗಳು ಹತ್ತಿರ ಬಂದು ಡ್ರಮ್ ಬಿಗಿಯಾಗುತ್ತದೆ, ಮೇಲೆ ತಳ್ಳಿದರೆ ಸಡಿಲ. ಕಲ್ಲಿನಿಂದ ಅಂಚಿಗೆ ತಟ್ಟಿ ಮೃದಂಗ ಶ್ರುತಿ ಮಾಡಿದವನಿಗೆ ಇದು ಬೇಗ ಅರ್ಥವಾಯಿತು. ಡ್ರಮ್ ಬಲ ಭುಜದಿಂದ ಇಳಿದು ಎಡ ತೊಡೆಯ ಮೇಲೆ ಓರೆಯಾಗಿ ನಿಲ್ಲುತ್ತದೆ. ಅದಕ್ಕೇ ಎಡಗೈಯಲ್ಲಿ ಕೋಲನ್ನು ಅಂಗೈ ಮೇಲಾಗಿ ಹಿಡಿಯಬೇಕು, ಬಲಗೈಯಲ್ಲಿ ಅಂಗೈ ಕೆಳಗೆ. ಈ ಎಡಗೈ ನನ್ನನ್ನು ಎರಡು ತಿಂಗಳು ಕಾಡಿತು.

ತೊಗಲಿನ ವಿಷಯದಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ, ಬೇರೆಯವರು ಮಾಡಬಾರದು ಅಂತ ಬರೆಯುತ್ತಿದ್ದೇನೆ. ಒಂದು ಭಾನುವಾರ ಅಭ್ಯಾಸಕ್ಕೆ ಅಂತ ನದಿ ದಂಡೆಗೆ ಹೋಗಿದ್ದೆ. ಜಿಟಿಜಿಟಿ ಮಳೆ ಹಿಡಿಯಿತು. ತೊಗಲು ನೀರು ಕುಡಿದು ಜೋತುಬಿತ್ತು, ಸದ್ದು ಸತ್ತೇಹೋಯಿತು. ನಾನು ಪಟ್ಟಿಗಳನ್ನೆಲ್ಲ ಕೊನೆವರೆಗೂ ಎಳೆದು ಬಿಗಿ ಮಾಡಿ ಅರ್ಧ ಗಂಟೆ ಬಾರಿಸಿ ಮನೆಗೆ ಬಂದೆ. ಪಟ್ಟಿ ಸಡಿಲ ಮಾಡದೆ, ಒಣಗಲಿ ಅಂತ ಹೀಟರ್ ಪಕ್ಕದಲ್ಲಿ ಇಟ್ಟು ಮಲಗಿದೆ. ರಾತ್ರಿ ಎರಡು ಗಂಟೆಗೆ ಪಟ್ ಅಂತ ಸದ್ದು. ಹೋಗಿ ನೋಡಿದರೆ ಮೇಲಿನ ತೊಗಲು ಬಳೆಯ ಅಂಚಿಗೆ ಒಂದು ಗೇಣು ಹರಿದಿತ್ತು. ಒಣಗುತ್ತಾ ಒಣಗುತ್ತಾ ತೊಗಲು ತಾನೇ ಬಿಗಿಯುತ್ತದೆ, ಹಗ್ಗ ಬಿಟ್ಟುಕೊಡಲಿಲ್ಲ ಅಂದರೆ ತೊಗಲೇ ಬಿಟ್ಟುಕೊಡಬೇಕು. ಅಜ್ಜಿ ಊರಲ್ಲಿ ತಮಟೆಯನ್ನು ಹುಲ್ಲಿನ ಬೆಂಕಿಗೆ ಹಿಡಿಯುವಾಗ ಕೈಯಲ್ಲೇ ತಿರುಗಿಸುತ್ತಾ, ಬೆರಳಲ್ಲಿ ತಟ್ಟಿ ನೋಡುತ್ತಾ ನಿಂತಿರುತ್ತಿದ್ದರು. ಅದರ ಅರ್ಥ ನನಗೆ ಆ ರಾತ್ರಿ ಹೊಳೆಯಿತು. ಹಳೇ ಲೆಕ್ಕದ ಪುಸ್ತಕಗಳಲ್ಲಿ ತೊಗಲಿನ ಖರ್ಚು ಯಾಕೆ ಮತ್ತೆ ಮತ್ತೆ ಬರುತ್ತದೆ ಅನ್ನೋದೂ ಹೊಳೆಯಿತು.

ಇನ್ನು ಬಾರಿಸೋದು. ಇಲ್ಲಿ ನಾನು ಆಧಾರ ಮಾಡಿಕೊಂಡದ್ದು ರಾಜ ಒಂದನೇ ಚಾರ್ಲ್ಸ್ 1632ರಲ್ಲಿ ಹೊರಡಿಸಿದ ಒಂದು ಆಜ್ಞೆ. ಸೈನಿಕರು ಹೆಜ್ಜೆ ಹಾಕುವ ಇಂಗ್ಲೆಂಡಿನ ಹಳೇ ನಡಿಗೆಯ ಬಡಿತ ಡ್ರಮ್ಮರುಗಳ ಅಲಕ್ಷ್ಯದಿಂದ ಕೆಟ್ಟು, ತನ್ನ ಹಿಂದಿನ ಗಾಂಭೀರ್ಯ ಕಳೆದುಕೊಂಡು, ಮರೆತೇ ಹೋಗುವ ಹಾಗಾಗಿತ್ತು ಅಂತ ಅದರಲ್ಲಿ ಹೇಳಿದೆ. ತೀರಿಹೋಗಿದ್ದ ಅವನ ಅಣ್ಣ ಪ್ರಿನ್ಸ್ ಹೆನ್ರಿ 1610ರಲ್ಲಿ ಗ್ರೀನಿಚ್‌ನಲ್ಲಿ ಅದನ್ನು ಮತ್ತೆ ಸರಿಮಾಡಿಸಿದ್ದನಂತೆ. ಇಂಗ್ಲೆಂಡ್ ಮತ್ತು ವೇಲ್ಸಿನ ಎಲ್ಲ ಡ್ರಮ್ಮರುಗಳೂ ಅದನ್ನೇ, ಏನನ್ನೂ ಸೇರಿಸದೆ, ಏನನ್ನೂ ಬದಲಿಸದೆ ಬಾರಿಸಬೇಕು ಅನ್ನೋದು ಆಜ್ಞೆ. ಬಡಿತವನ್ನು ಬರೆದಿರೋದು ಹೇಗೆ ಗೊತ್ತಾ? ಬಾಯಿಪಾಠದ ಅಕ್ಷರಗಳಲ್ಲಿ. ಪೌ ಟೌ ಪೌ ಟೌ ಪೌಂಗ್. ನಾನು ಅದನ್ನು ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತು. ತ ಧಿ ತೊಂ ನಂ ಅಂತ ಬಾಯಲ್ಲಿ ಹೇಳಿ ಆಮೇಲೆ ಕೈಗೆ ತಂದುಕೊಂಡವನು ನಾನು. ಇವರೂ ಹಾಗೇ ಅಲ್ವಾ? ಆ ಸಂಜೆ ಡ್ರಮ್ ಮುಟ್ಟದೆ, ಅಡುಗೆಮನೆಯಲ್ಲಿ ಅನ್ನಕ್ಕೆ ಇಟ್ಟು, ತೊಡೆ ಮೇಲೆ ತಾಳ ಹಾಕುತ್ತಾ ಪೌ ಟೌ ಪೌಂಗ್ ಅಂತ ಹೇಳುತ್ತಾ ಕೂತಿದ್ದೆ.

ಆದರೆ ನನಗೆ ಕಷ್ಟವಾದದ್ದು ಆ ‘ಏನನ್ನೂ ಸೇರಿಸದೆ’ ಅನ್ನೋದು. ಕೈ ಸುಮ್ನೆ ಇರಲ್ಲ. ಎರಡು ಆವರ್ತ ಆಗುತ್ತಲೇ ನಡೆ ಬದಲಿಸೋಣ, ಒಂದು ಮುಕ್ತಾಯ ಹಾಕೋಣ ಅನ್ನಿಸುತ್ತದೆ, ಮೃದಂಗದಲ್ಲಿ ಬೆಳೆದ ಕೈಗೆ ಅದೇ ರೂಢಿ. ಮೊಣಕಾಲು ನೋವಿನ ಆ ಹಿರಿಯರೇ ನನಗೆ ಕಲಿಸಿದವರು. ಒಂದು ದಿನ ನನ್ನ ಕೈ ಹಿಡಿದು ನಿಲ್ಲಿಸಿ, ‘ನೀವು ಚೆನ್ನಾಗಿ ಬಾರಿಸುತ್ತೀರಿ, ಅದೇ ತೊಂದರೆ. ಜನ ನಿಮ್ಮ ಕೈ ನೋಡುತ್ತಾ ನಿಂತುಬಿಟ್ಟರೆ ಸುದ್ದಿ ಕೇಳುವವರು ಯಾರು?’ ಅಂದರು. ಸರಿಯಾದ ಮಾತು. ಬಾಗಿಲ ಹಿಂದೆ ಹಿಟ್ಟು ನಾದುತ್ತಿರುವ ಹೆಂಗಸಿಗೆ, ಮಗ್ಗದ ಮುಂದೆ ಕೂತವನಿಗೆ ಇದು ಕಾವಲಿನ ಬಡಿತ, ಇದು ಸಂತೆಯ ಬಡಿತ ಅಂತ ನೋಡದೆಯೇ ಗೊತ್ತಾಗಬೇಕು. ನಿನ್ನೆಯ ಹಾಗೇ ಇವತ್ತೂ ಇರಬೇಕು. ಸೈನ್ಯದ ಡ್ರಮ್ಮಿನಲ್ಲೂ ಆಗ ಕರೆ, ಸೇರುವಿಕೆ, ನಡಿಗೆ, ಸಿದ್ಧತೆ, ಕಾಳಗ, ಹಿಂದೆ ಸರಿಯೋದು ಅಂತ ಆರೇ ಆರು ಬಡಿತ. ಒಂದನ್ನು ಇನ್ನೊಂದು ಅಂದುಕೊಂಡರೆ ಪ್ರಾಣಕ್ಕೇ ಕುತ್ತು.

ನಿಲ್ಲೋದನ್ನು ಕಲಿತದ್ದು ರಿಪನ್‌ನಲ್ಲಿ. ಯಾರ್ಕ್‌ಷೈರಿನ ಆ ಊರಲ್ಲಿ ಇವತ್ತಿಗೂ ಪ್ರತಿ ರಾತ್ರಿ ಒಂಬತ್ತಕ್ಕೆ ಕಾವಲಿನ ಕೊಂಬು ಊದುತ್ತಾರೆ. ಅದು ಡ್ರಮ್ ಅಲ್ಲ, ಆದರೆ ಕೆಲಸ ಒಂದೇ. ಚಳಿಗಾಲದ ಒಂದು ರಾತ್ರಿ ಹೋಗಿ ನಿಂತೆ. ಮಾರುಕಟ್ಟೆ ಚೌಕದ ಕಂಬದ ನಾಲ್ಕೂ ಮೂಲೆಗೆ ಹೋಗಿ, ಒಂದೊಂದರಲ್ಲೂ ಒಂದೇ ಉದ್ದನೆಯ ನಾದ ಊದಿದರು. ಒಂದು ಮೂಲೆಯಿಂದ ಇನ್ನೊಂದಕ್ಕೆ ನಡೆಯುವಾಗ ಅವಸರವೇ ಇಲ್ಲ. ಊದಿದ ಸದ್ದು ಎದುರಿನ ಗೋಡೆಗೆ ತಾಗಿ ಮುಗಿಯುವವರೆಗೂ ಕಾದು ಆಮೇಲೆ ಹೆಜ್ಜೆ ಕಿತ್ತರು. ನಾನು ವಾಪಸ್ ಬಂದು ನನ್ನ ದಾರಿಯನ್ನು ಮತ್ತೆ ಅಳೆದೆ. ಸೇತುವೆ ತಲೆ, ಚರ್ಚಿನ ಗೇಟು, ಬಾವಿ ಕಟ್ಟೆ, ಸಂತೆ ಕಂಬ. ಪ್ರತಿ ಕಡೆಯೂ ಬಡಿತ ನಿಂತಮೇಲೆ ನಾಲ್ಕು ಎಣಿಕೆ ಸುಮ್ಮನಿದ್ದು ಆಮೇಲೆ ಬಾಯಿ ತೆರೆಯೋದು ಅಂತ ಗೊತ್ತುಮಾಡಿಕೊಂಡೆ.

ಬೆಳಿಗ್ಗೆ ಆರಕ್ಕೆ ಬಾರಿಸುವ ಆಸೆ ಇತ್ತು. ಒಂಬತ್ತಕ್ಕೆ ಮುಂಚೆ ಬೇಡ ಅಂದರು, ಅದಕ್ಕೂ ಕಾಗದದಲ್ಲಿ ಅನುಮತಿ ಬೇಕಾಯಿತು. ಬೇಸರವಾಗಲಿಲ್ಲ, ಡ್ರಮ್ಮಿನ ಚರಿತ್ರೆಯೇ ಅನುಮತಿಯ ಚರಿತ್ರೆ. 1661ರಲ್ಲಿ ವಿಲ್ಟ್‌ಷೈರಿನ ಕಡೆ ವಿಲಿಯಂ ಡ್ರೂರಿ ಅನ್ನೋ ಅಲೆಮಾರಿ ಡ್ರಮ್ಮರ್ ಸುಳ್ಳು ಅನುಮತಿ ಪತ್ರ ತೋರಿಸಿ ದುಡ್ಡು ಕೇಳಿ ಸಿಕ್ಕಿಬಿದ್ದ. ಜಾನ್ ಮೊಂಪೆಸನ್ ಅನ್ನೋ ಸಾಹುಕಾರ ಅವನ ಡ್ರಮ್ ಕಿತ್ತುಕೊಳ್ಳುವಂತೆ ಮಾಡಿದ. ಆಮೇಲೆ ಮೊಂಪೆಸನ್ ಮನೆಯಲ್ಲಿ ರಾತ್ರಿಯೆಲ್ಲ ಡ್ರಮ್ ಸದ್ದು ಕೇಳಿಸಿತು ಅನ್ನೋ ದೆವ್ವದ ಕಥೆ ದೇಶದಲ್ಲೆಲ್ಲ ಹಬ್ಬಿತು. ನನಗೆ ಆ ಕಥೆಯಲ್ಲಿ ಮುಖ್ಯ ಅನ್ನಿಸೋದು ದೆವ್ವ ಅಲ್ಲ, ಪತ್ರ. ಬೀದಿಯಲ್ಲಿ ಡ್ರಮ್ ಬಡಿದರೆ ಅಧಿಕಾರ ಮಾತಾಡಿದ ಹಾಗೆ. ಲಂಡನ್ನಿನ ಹಳೇ ಭಾಗವಾದ ‘ಸಿಟಿ’ಯೊಳಗೆ ಡ್ರಮ್ ಬಾರಿಸುತ್ತಾ, ಬಾವುಟ ಬಿಚ್ಚಿ, ಬಂದೂಕಿನ ತುದಿಗೆ ಬಯೊನೆಟ್ ಕತ್ತಿ ಸಿಕ್ಕಿಸಿಕೊಂಡು ನಡೆಯುವ ಹಕ್ಕು ಇವತ್ತಿಗೂ ಕೆಲವೇ ಪಡೆಗಳಿಗೆ ಇರೋದು.

ಸಂತೆಯ ದಿನ ಬಿಸಿಲಿತ್ತು. ನಾನು ಸಾರಬೇಕಾಗಿದ್ದದ್ದು ಎರಡೇ ವಿಷಯ. ಗಂಟೆ ಬಾರಿಸುವ ಮುಂಚೆ ದಾರಿಯಲ್ಲೇ ಸರಕು ಕೊಂಡು ಜಾಸ್ತಿ ಬೆಲೆಗೆ ಮಾರಿದರೆ ದಂಡ, ಇದು ಆ ಕಾಲದ ನಿಜವಾದ ಕಾನೂನು. ಇನ್ನೊಂದು, ದೊಡ್ಡಿಯಲ್ಲಿ ಒಂದು ಕೆಂಪು ಹಸು ಇದೆ, ವಾರಸುದಾರರು ಬರಬೇಕು ಅಂತ ನಾವೇ ಕಟ್ಟಿದ ಸುದ್ದಿ. ಸೇತುವೆ ಹತ್ತಿರ ಮೂರೇ ಜನ ಇದ್ದರು. ಚರ್ಚಿನ ಗೇಟಿಗೆ ಬರುವಾಗ ಹಿಂದೆ ಮಕ್ಕಳ ಸಾಲು. ಬಾವಿ ಕಟ್ಟೆಯಲ್ಲಿ ಬಡಿತ ನಿಲ್ಲಿಸಿ, ಒಂದು, ಎರಡು, ಮೂರು, ನಾಲ್ಕು ಎಣಿಸಿದೆ. ಐಸ್‌ಕ್ರೀಂ ಮಾರುವವನೂ ಮಾತು ನಿಲ್ಲಿಸಿದ್ದ. ಕೆಳಗಿನ ತೊಗಲಿನ ಕರುಳಿನ ದಾರ ಇನ್ನೂ ಸಣ್ಣಗೆ ಗುಂಯ್‌ಗುಡುತ್ತಿದ್ದದ್ದು ನನಗೇ ಕೇಳಿಸಿತು. ಸಾರಿ ಮುಗಿಸಿ ಹೊರಟಾಗ ಆರೇಳು ವರ್ಷದ ಹುಡುಗಿಯೊಬ್ಬಳು ಓಡಿಬಂದು ‘ಆ ಹಸುವಿಗೆ ಯಾರಾದರೂ ನೀರು ಕೊಟ್ಟರಾ?’ ಅಂತ ಕೇಳಿದಳು. ಕೊಟ್ಟಿದ್ದಾರೆ ಅಂದೆ.

ಈ ವರ್ಷದ ಸಂತೆಗೆ ಇನ್ನು ಐದು ವಾರ ಇದೆ. ಹೊಸ ತೊಗಲು ಬಚ್ಚಲ ಟಬ್ಬಿನಲ್ಲಿ ನೆನೆಯುತ್ತಿದೆ, ಇವತ್ತು ರಾತ್ರಿ ಬಳೆಗೆ ಸುತ್ತಬೇಕು. ಹೀಟರ್ ಆಫ್ ಮಾಡಿದ್ದೇನೆ.