ಹೀತ್‌ಕ್ಲಿಫ್‌ನ ಜಮಾ-ಖರ್ಚು

ಮೂರು ವರ್ಷದ ಹಿಂದೆ ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ ಕಾದಂಬರಿಯನ್ನು ನಮ್ಮ ಓದಿನ ಬಳಗದಲ್ಲಿ ಶುರು ಮಾಡಿ ಅರ್ಧಕ್ಕೇ ಕೈಬಿಟ್ಟಿದ್ದೆ. ಈ ವರ್ಷ ಸಂಕ್ರಾಂತಿ ಮುಗಿದ ಮೇಲೆ ಮತ್ತೆ ಎತ್ತಿಕೊಂಡೆ. ಹನ್ನೆರಡು ಭಾನುವಾರಗಳಲ್ಲಿ ಮುಗಿಸಿದೆವು. ಹೋಳಿಯ ವಾರ ಮಾತ್ರ ರಜೆ. ಬಾಗಲಕೋಟೆಯಲ್ಲಿ ಹಲಗೆ ಸದ್ದಿನ ಮುಂದೆ ಯಾವ ಕಾದಂಬರಿಯೂ ನಡೆಯುವುದಿಲ್ಲ. ಒಂಬತ್ತು ಜನ ಬಂದಿದ್ದರು, ಕೊನೆಯ ದಿನವೂ ಒಂಬತ್ತು ಜನ ಇದ್ದರು. ಹೇಗೆ ಮಾಡಿದ್ರಿ ಅಂತ ಇಬ್ಬರು ಮೂವರು ಗೆಳತಿಯರು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ಇದು ಇಂಗ್ಲಿಷ್ ಕಾದಂಬರಿ. 1847ರ ಡಿಸೆಂಬರಿನಲ್ಲಿ ಎಲ್ಲಿಸ್ ಬೆಲ್ ಅನ್ನುವ ಹೆಸರಿನಲ್ಲಿ ಬಂತು. ಮರುವರ್ಷ ಅದೇ ತಿಂಗಳಲ್ಲಿ ಎಮಿಲಿ ತೀರಿಕೊಂಡರು. ವಯಸ್ಸು 30. ಪ್ರಕಟಿಸಿದ್ದು ಇದೊಂದೇ ಕಾದಂಬರಿ. ಇದರ ನಾಯಕ ಹೀತ್‌ಕ್ಲಿಫ್‌ನನ್ನು ಇಷ್ಟಪಡುವುದು ಸುಲಭ ಅಲ್ಲ. ತನ್ನನ್ನು ತುಳಿದವರನ್ನು ತುಳಿಯುತ್ತಾನೆ, ಅಲ್ಲಿಗೆ ನಿಲ್ಲದೆ ಅವರ ಮಕ್ಕಳನ್ನೂ ತುಳಿಯುತ್ತಾನೆ. ಸ್ವಂತ ಮಗನನ್ನು ದಾಳದ ಹಾಗೆ ಬಳಸುತ್ತಾನೆ.

ಮೊದಲ ಸಲ ನಾನು ಮಾಡಿದ ತಪ್ಪು ಅವನ ಪರ ವಕೀಲಿಕೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದ ಅಭ್ಯಾಸ ನೋಡಿ, ಯಾರಾದರೂ ‘ಎಂಥಾ ದುಷ್ಟ’ ಅಂದ ಕೂಡಲೇ ಅವನ ಬಾಲ್ಯ ವಿವರಿಸುತ್ತಿದ್ದೆ. ಲಿವರ್‌ಪೂಲ್ ಬೀದಿಯಲ್ಲಿ ಸಿಕ್ಕ ಅನಾಥ, ಸಾಕಿದ ಮನೆಯ ಮಗ ಹಿಂಡ್ಲಿಯ ಹೊಡೆತ, ಆಳುಗಳ ಜೊತೆ ಗೇಯ್ಮೆ, ಎಲ್ಲ. ಒಬ್ಬರು ಮೆಲ್ಲಗೆ, ‘ನೀವು ಹೇಳಿದ್ದು ಖರೆ ಇರಬೇಕು ಬಿಡ್ರಿ’ ಅಂದರು. ಆಮೇಲೆ ಯಾರೂ ಮಾತಾಡಲಿಲ್ಲ. ‘ಬಿಡ್ರಿ’ ಅಂತ ಬಂದರೆ ಓದು ಸತ್ತಿತು ಅಂತಲೇ ಅರ್ಥ. ಮುಂದಿನ ವಾರ ನಾಲ್ಕೇ ಜನ ಬಂದರು.

ಈ ಸಲ ಒಂದೇ ನೇಮ ಇಟ್ಟುಕೊಂಡೆ. ಅವನು ಮಾಡಿದ್ದು ಏನು ಅಂತ ಹೇಳುವುದು, ಯಾಕೆ ಮಾಡಿದ ಅಂತ ನಾನಾಗಿ ಹೇಳುವುದಿಲ್ಲ. ಸಿಟ್ಟು ಬಂದವರು ಸಿಟ್ಟಾಗಲಿ.

ಬಳಗದಲ್ಲಿ ಅರ್ಧ ಜನ ಇಂಗ್ಲಿಷ್ ಓದುವವರಲ್ಲ. ಹಾಗಾಗಿ ವಾರಕ್ಕೆ ಮೂರು ಅಧ್ಯಾಯ ನಾನು ಓದಿಕೊಂಡು, ನವನಗರದ ನಮ್ಮ ಮನೆ ಮಾಳಿಗೆ ಮೇಲೆ ಸಂಜೆ ಐದಕ್ಕೆ ಕೂತು ಕಥೆಯಾಗಿ ಹೇಳುತ್ತಿದ್ದೆ. ಒಟ್ಟು 34 ಅಧ್ಯಾಯ. ಪ್ರತಿ ವಾರ ಒಂದೆರಡು ಪುಟ ಮಾತ್ರ ಕನ್ನಡದಲ್ಲಿ ಬರೆದುಕೊಂಡು ಸಾಲು ಸಾಲಾಗಿ ಓದುತ್ತಿದ್ದೆ. ಮೂರ್‌ಲ್ಯಾಂಡ್ ಅಂದರೆ ಏನು ಅಂತ ವರ್ಣಿಸಲು ಹೋಗಲಿಲ್ಲ, ‘ಗಾಳಿ ಬಡಿಯುವ ಮಡ್ಡಿ’ ಅಂದೆ, ಮುಗಿಯಿತು. ಮನೆಯಾಳು ಜೋಸೆಫ್ ಮೂಲದಲ್ಲಿ ಗಟ್ಟಿ ಯಾರ್ಕ್‌ಷೈರ್ ಆಡುಮಾತಿನಲ್ಲಿ ಬೈಯುತ್ತಾನೆ. ಅವನ ಬಾಯಿಗೆ ನಮ್ಮ ಕಡೆ ಮಾತನ್ನೇ ಕೊಟ್ಟೆ. ಅವನು ‘ದೇವ್ರು ನಿಮ್ಮನ್ನೆಲ್ಲಾ ನೋಡ್ಕೋತಾನ, ನೋಡ್ತಿರ್ರಿ’ ಅಂತ ಬಂದಾಗಲೆಲ್ಲ ಮಾಳಿಗೆ ತುಂಬ ನಗು. ಇಷ್ಟು ಕಠೋರ ಕಥೆಗೆ ಆ ನಗು ಬೇಕಿತ್ತು.

ಜಮಾ-ಖರ್ಚಿನ ಯೋಚನೆ ನನ್ನದಲ್ಲ. ಬಳಗದಲ್ಲಿ ಒಬ್ಬ ಹಿರಿಯರಿದ್ದಾರೆ, ಅಡತಿ ಅಂಗಡಿಯಲ್ಲಿ ಲೆಕ್ಕ ಬರೆದೇ ಜೀವನ ತೆಗೆದವರು. ಎಲ್ಲರೂ ಕಾಕಾ ಅನ್ನುತ್ತೇವೆ. ಎರಡನೇ ಭಾನುವಾರ ಹಿಂಡ್ಲಿ ಸರಿಯೋ ಹೀತ್‌ಕ್ಲಿಫ್ ಸರಿಯೋ ಅಂತ ಜಗಳ ಹತ್ತಿದಾಗ ಅವರು, ‘ಬಾಯಿಲೇ ಲೆಕ್ಕ ಹತ್ತಂಗಿಲ್ರಿ, ಬರೀಬೇಕು’ ಅಂದರು. ಮುಂದಿನ ವಾರ ಕೆಂಪು ಬಟ್ಟೆಯ ಕಿರ್ದಿ ಪುಸ್ತಕ ತಂದೇಬಿಟ್ಟರು. ಎಡಗಡೆ ಹೀತ್‌ಕ್ಲಿಫ್‌ಗೆ ಜನ ಮಾಡಿದ್ದು. ಬಲಗಡೆ ಅವನು ಜನಕ್ಕೆ ಮಾಡಿದ್ದು. ಎಲ್ಲರೂ ಒಪ್ಪಿದರೆ ಮಾತ್ರ ಬರೆಯುವುದು.

ಆ ಪುಸ್ತಕ ಮಾತಿನ ರೀತಿಯನ್ನೇ ಬದಲಿಸಿತು. ‘ಒಳ್ಳೆಯವನಾ ಕೆಟ್ಟವನಾ’ ಅಂತ ಕೇಳಿದರೆ ಎರಡು ನಿಮಿಷದ ಮಾತು. ‘ಇದನ್ನು ಯಾವ ಪುಟಕ್ಕೆ ಬರೆಯೋಣ’ ಅಂತ ಕೇಳಿದರೆ ಎಲ್ಲರೂ ಮತ್ತೆ ಕಥೆಯೊಳಗೆ ಹೋಗಿ ಹುಡುಕಬೇಕಾಗುತ್ತದೆ.

ಒಂಬತ್ತನೇ ಅಧ್ಯಾಯದಲ್ಲಿ ಒಂದು ದೃಶ್ಯ ಇದೆ. ಕುಡಿದ ಹಿಂಡ್ಲಿ ತನ್ನ ಕೂಸು ಹೇರ್ಟನ್‌ನನ್ನು ಮಹಡಿಯ ಕಟಕಟೆ ಆಚೆ ಹಿಡಿದಿದ್ದಾನೆ. ಕೈ ಜಾರುತ್ತದೆ. ಅದೇ ಕ್ಷಣಕ್ಕೆ ಕೆಳಗೆ ಬಂದ ಹೀತ್‌ಕ್ಲಿಫ್ ಕೂಸನ್ನು ಹಿಡಿದು ನೆಲದ ಮೇಲೆ ನಿಲ್ಲಿಸುತ್ತಾನೆ. ಆಮೇಲೆ ತಲೆಯೆತ್ತಿ ಬೀಳಿಸಿದವನು ಯಾರು ಅಂತ ನೋಡುತ್ತಾನೆ. ಆಗ ಅವನ ಮುಖ ಹೇಗಾಯಿತು ಅಂದರೆ, ಅದೃಷ್ಟದ ಲಾಟರಿ ಟಿಕೆಟನ್ನು 5 ಶಿಲ್ಲಿಂಗ್‌ಗೆ ಕೊಟ್ಟು, ಮರುದಿನ 5,000 ಪೌಂಡ್ ಹೋಯಿತು ಅಂತ ತಿಳಿದ ಜಿಪುಣನ ಹಾಗೆ. ಶತ್ರುವಿನ ಮಗನನ್ನು ತನ್ನ ಕೈಯಾರೆ ಉಳಿಸಿದೆನಲ್ಲ ಅನ್ನುವ ಸಂಕಟ.

ಕಾಕಾ ಪೆನ್ನು ಹಿಡಿದು, ‘ಹೇಳ್ರಿ, ಯಾ ಕಡೆ?’ ಅಂದರು.

ಒಂದು ತಾಸು ಹೋಯಿತು. ಕೂಸು ಉಳಿಯಿತು, ಒಳ್ಳೆಯ ಕೆಲಸ ಅಂತ ಒಬ್ಬರು. ಉಳಿಸಬೇಕು ಅಂತ ಉಳಿಸಲಿಲ್ಲ, ಕೈ ತಾನೇ ಚಾಚಿತು ಅಂತ ಇನ್ನೊಬ್ಬರು. ಯೋಚನೆ ಮಾಡದೆ ಚಾಚಿದ ಕೈಯೇ ಮನುಷ್ಯನ ಖರೆ ಗುಣ ಅಂತ ಮತ್ತೊಬ್ಬರು. ಆಗ ಅಂಗನವಾಡಿ ಟೀಚರ್ ಒಂದು ಮಾತು ಹೇಳಿದರು. ಅವರು ಜಾಸ್ತಿ ಮಾತಾಡುವವರೇ ಅಲ್ಲ. ‘ಮಾರಿ ಹಂಗಾತು ಅಂತ ಹೇಳಾಕಿ ಯಾರ್ರಿ? ಆ ನೆಲ್ಲಿ. ಕೂಸು ಹಿಡಿದಿದ್ದನ್ನ ಎಲ್ಲಾರೂ ನೋಡ್ಯಾರ. ಮನಸಿನಾಗ ಇದ್ದದ್ದನ್ನ ಅಕೀ ಒಬ್ಬಾಕೀನ ನೋಡ್ಯಾಳ.’

ನಾನು ಈ ಕಾದಂಬರಿಯನ್ನು ಎಷ್ಟೋ ಸಲ ಓದಿದ್ದೇನೆ. ಕಥೆ ಹೇಳುವ ಮನೆಗೆಲಸದ ನೆಲ್ಲಿಯನ್ನು ಪೂರ್ತಿ ನಂಬಬಾರದು ಅಂತ ಪಾಠದಲ್ಲೂ ಹೇಳಿದ್ದೇನೆ. ಆದರೆ ಈ ಜಾಗದಲ್ಲಿ ನನಗೆ ಅದು ಹೊಳೆದಿರಲಿಲ್ಲ. ಅವತ್ತು ರಾತ್ರಿ ಅಲ್ಲಿಯವರೆಗಿನ ಅಧ್ಯಾಯಗಳನ್ನು ಮತ್ತೆ ತೆಗೆದೆ. ಅನಾಥ ಹುಡುಗ ಮನೆಗೆ ಬಂದ ಮೊದಲ ರಾತ್ರಿ, ಬೆಳಗಾಗುವುದರಲ್ಲಿ ಹೋಗಿಬಿಡಲಿ ಅಂತ ಅವನನ್ನು ಮೆಟ್ಟಿಲ ಹತ್ತಿರ ಬಿಟ್ಟವಳು ಇದೇ ನೆಲ್ಲಿ. ಅವನನ್ನು ಮದುವೆಯಾದರೆ ತನಗೆ ಕೀಳು ಅಂತ, ಹಿಂಡ್ಲಿಯ ತಂಗಿ, ಅವನು ಪ್ರೀತಿಸಿದ ಕ್ಯಾಥರೀನ್ ಅಂದದ್ದನ್ನು ಕೇಳಿಸಿಕೊಂಡು ಅವನು ಎದ್ದು ಹೋದದ್ದನ್ನು ಕಣ್ಣಾರೆ ನೋಡಿ, ಆ ಗಳಿಗೆಯಲ್ಲಿ ಸುಮ್ನೆ ಇದ್ದವಳೂ ಇವಳೇ. ಮುಂದಿನ ವಾರ ಇವೆರಡನ್ನೂ ಹೇಳಿದೆ. ಎರಡೂ ಎಡಗಡೆ ಪುಟಕ್ಕೆ ಹೋದವು. ಕೂಸು ಹಿಡಿದದ್ದನ್ನು ಕಾಕಾ ಎರಡೂ ಪುಟಗಳ ನಡುವೆ, ಮಡಿಕೆಯ ಮೇಲೆ ಬರೆದರು.

ಇಬ್ಬರು ಬಿ.ಎಡ್. ಹುಡುಗಿಯರು ಇದು ದೊಡ್ಡ ಪ್ರೇಮಕಥೆ ಅಂತ ಎಲ್ಲೋ ನೋಡಿಕೊಂಡು ಬಂದಿದ್ದರು. ಅವರಿಗೆ ಹೀತ್‌ಕ್ಲಿಫ್ ಬೇಕಾಗಿದ್ದ. ಮೂರು ವರ್ಷ ಕಾಣೆಯಾಗಿ, ದುಡ್ಡು ಮಾಡಿಕೊಂಡು ತಿರುಗಿ ಬರುವ ಭಾಗದಲ್ಲಿ ಅವರ ಕಣ್ಣು ಹೊಳೆಯುತ್ತಿದ್ದವು. ನಾನು ತಡೆಯಲಿಲ್ಲ. ಹದಿನಾಲ್ಕನೇ ಅಧ್ಯಾಯದವರೆಗೆ ಕಾಯುವುದು ಸಾಕಿತ್ತು. ಅಲ್ಲಿ ಅವನು ಹೆಂಡತಿ ಇಸಬೆಲ್ಲಾಳ ಎದುರಿಗೇ ನೆಲ್ಲಿಗೆ ಹೇಳುತ್ತಾನೆ: ಇವಳು ನನ್ನನ್ನು ಕಥೆಯ ನಾಯಕ ಅಂತ ಕಲ್ಪಿಸಿಕೊಂಡಳು. ಮನೆಬಿಟ್ಟು ಬರುವಾಗ ನಾನು ಮಾಡಿದ ಮೊದಲ ಕೆಲಸವೇ ಇವಳ ನಾಯಿಮರಿಯನ್ನು ನೇಣಿಗೆ ಹಾಕಿದ್ದು. ಅದನ್ನು ನೋಡಿದ ಮೇಲೂ ಬಂದಳು.

ಒಬ್ಬ ಹುಡುಗಿ ತಲೆ ತಗ್ಗಿಸಿದಳು. ಕಾದಂಬರಿ ತನ್ನ ಹೆಸರು ಹಿಡಿದೇ ಕೂಗಿದ ಹಾಗಾಯಿತು ಅಂತ ಆಮೇಲೆ ಹೇಳಿದಳು.

ಆದರೆ ಅವತ್ತು ಎದ್ದು ಹೋದವನು ಬೇರೆಯವನು. ಮುಧೋಳ ತಾಲೂಕಿನ ಒಬ್ಬ ಯುವಕ, ಅವರ ಮನೆಯಲ್ಲಿ ತಲೆಮಾರಿನಿಂದ ಮುಧೋಳ ನಾಯಿ ಸಾಕುತ್ತಾರೆ. ಎರಡು ಅಧ್ಯಾಯ ಹಿಂದೆ ನೆಲ್ಲಿ ಕತ್ತಲಲ್ಲಿ ಕರವಸ್ತ್ರಕ್ಕೆ ನೇತಾಡುತ್ತಿದ್ದ ಆ ನಾಯಿಯನ್ನು ಬಿಡಿಸಿದಾಗ ಇವನು ಉಸಿರು ಬಿಟ್ಟಿದ್ದನ್ನು ನಾನು ನೋಡಿದ್ದೆ. ಈಗ ನೇಣು ಹಾಕಿದವನೇ ಅದನ್ನು ಹೆಚ್ಚುಗಾರಿಕೆಯಿಂದ ಹೇಳುತ್ತಿದ್ದಾನೆ. ‘ಇಷ್ಟ ಸಾಕ್ರೀ ಮೇಡಂ’ ಅಂತ ಮೆಟ್ಟಿಲಿಳಿದುಬಿಟ್ಟ. ನಾನು ಕರೆಯಲಿಲ್ಲ, ಫೋನೂ ಮಾಡಲಿಲ್ಲ. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. ಬಂದವನೇ ಕಾಕಾಗೆ, ‘ನಾಯಿದು ಬರದ್ರಿ ಇಲ್ಲೋ?’ ಅಂತ ಕೇಳಿದ. ಬಲಗಡೆ ಪುಟದಲ್ಲಿ ತನ್ನ ಕೈಯಿಂದಲೇ ಬರೆದ. ಓದುಗರು ಎದ್ದು ಹೋದರೆ ನಾವು ಬೆನ್ನು ಹತ್ತಬಾರದು. ಹೀಗೆ ಎದ್ದು ಹೋಗುವುದೂ ಓದಿನ ಒಳಗೇ ಇದೆ.

‘ಇಂಥವನ ಕಥಿ ಯಾಕ ಬರೀಬೇಕಿತ್ತು?’ ಅನ್ನುವ ಪ್ರಶ್ನೆ ಅವತ್ತೇ ಬಂತು. ಅದನ್ನು ಎಮಿಲಿಯ ಸ್ವಂತ ಅಕ್ಕ ಷಾರ್ಲೆಟ್ ಕೂಡ ಕೇಳಿದ್ದರು ಅಂತ ಹೇಳಿದೆ. 1850ರ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ, ಹೀತ್‌ಕ್ಲಿಫ್‌ನಂಥವರನ್ನು ಸೃಷ್ಟಿಸುವುದು ಸರಿಯೋ ನನಗೆ ಗೊತ್ತಿಲ್ಲ, ಸರಿ ಅಂತ ಅನಿಸುವುದಿಲ್ಲ ಅಂದಿದ್ದಾರೆ. ಎಮಿಲಿ ಸತ್ತ ಮೇಲೆ ಅವರ ಬರವಣಿಗೆಯ ಪೆಟ್ಟಿಗೆಯಲ್ಲಿ ಕಾದಂಬರಿಯ ಐದು ವಿಮರ್ಶೆಗಳ ತುಣುಕು ಸಿಕ್ಕವು. ಅವುಗಳಲ್ಲೂ ಈ ಕ್ರೌರ್ಯದ ಮಾತು ಇದೆ. ನಮ್ಮ ಮಾಳಿಗೆಯ ಸಿಟ್ಟಿಗೆ ಅಷ್ಟು ಹಳೆಯ ನೆಂಟಸ್ತಿಕೆ ಇದೆ ಅಂತ ತಿಳಿದು ಎಲ್ಲರಿಗೂ ಧೈರ್ಯ ಬಂತು.

ಅವನನ್ನು ಒಳಗಿನಿಂದ ಅರ್ಥ ಮಾಡಿಕೊಂಡವರು ಒಬ್ಬರೇ, ನಮ್ಮ ಎದುರುಮನೆ ಅವ್ವ. ಅವರ ಮನೆ ಹಳೆ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿಗೆ ಹೋಯಿತು. ಪರಿಹಾರ ಬಂತು, ನವನಗರದಲ್ಲಿ ಜಾಗ ಬಂತು, ಮನೆ ಕಟ್ಟಿದರು. ಹೀತ್‌ಕ್ಲಿಫ್ ಸಾಲ ಕೊಟ್ಟು ಕೊಟ್ಟು ಹಿಂಡ್ಲಿಯ ಜೂಜಿಗೆ ದಾರಿ ಮಾಡಿ, ಹೊಲ-ಮನೆ ಪೂರ್ತಿ ಅಡವು ಹಾಕಿಸಿಕೊಂಡು ನುಂಗಿದ ಭಾಗ ಹೇಳಿದಾಗ ಉಳಿದವರು ‘ಬಡ್ಡಿ ಸಾಹುಕಾರ’ ಅಂತ ಬೈದರು. ಇಲ್ಲಿ ಅದನ್ನು ವಿವರಿಸಬೇಕಾಗಿಯೇ ಇಲ್ಲ, ಅಡವು ಅಂದರೆ ಏನು ಅಂತ ಎಲ್ಲರ ಮನೆಗೂ ಗೊತ್ತು. ಅವ್ವ ಮಾತ್ರ ತಡೆದು ಹೇಳಿದರು: ‘ಅಂವನ ಹಂತ್ಯಾಕ ರೊಕ್ಕ ಇತ್ತು. ಬ್ಯಾರೆ ಮನಿ ಕಟ್ಟಬಹುದಿತ್ತು. ಆದ್ರ ಅಂವಗ ಆ ಮನೀನ ಬೇಕಾಗಿತ್ತು. ಅಕೀ ಜೋಡಿ ಆಡಿ ಬೆಳೆದ ಮನಿ.’ ಸ್ವಲ್ಪ ಹೊತ್ತು ಬಿಟ್ಟು, ‘ನಾನೂ ಬ್ಯಾಸಿಗ್ಯಾಗ ನೀರು ಇಳಿದಾಗ ಹೋಗಿ ನಿಂತ ಬರ್ತೀನಿ’ ಅಂದರು.

ಇದರಿಂದ ಅವನ ತಪ್ಪು ಒಂದೂ ಕಮ್ಮಿಯಾಗಲಿಲ್ಲ, ಬಲಗಡೆ ಪುಟ ತುಂಬುತ್ತಲೇ ಇತ್ತು. ಕ್ಯಾಥರೀನ್‌ಳ ಮಗಳನ್ನು ಮನೆಯಲ್ಲಿ ಕೂಡಿಹಾಕಿ, ಸಾಯುತ್ತಿರುವ ತನ್ನ ಮಗನ ಜೊತೆ ಮದುವೆ ಮಾಡಿಸಿ, ಅವಳ ಆಸ್ತಿಯನ್ನೂ ಹೊಡೆಯುತ್ತಾನೆ. ಮದುವೆಯಾದ ಹೆಣ್ಣಿನ ಆಸ್ತಿಯ ಕಾನೂನು ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ಬದಲಾದದ್ದು 1882ರಲ್ಲಿ, ಅದಕ್ಕೂ ಮೊದಲಿನ ಕಥೆ ಇದು. ಹೇರ್ಟನ್‌ಗಂತೂ ಅಕ್ಷರ ಕಲಿಸದೆ, ಬೈಗುಳ ಕಲಿಸಿ, ಅವನದೇ ಮನೆಯಲ್ಲಿ ಆಳು ಮಾಡಿ ಇಡುತ್ತಾನೆ. ತನಗೆ ಹಿಂಡ್ಲಿ ಮಾಡಿದ್ದನ್ನೇ ಹಿಂಡ್ಲಿಯ ಮಗನಿಗೆ, ಅಳತೆ ತಪ್ಪದಂತೆ.

ಕೊನೆಯ ಭಾನುವಾರ ಏಪ್ರಿಲ್ ಬಿಸಿಲು ಇಳಿಯುವುದನ್ನು ಕಾದು ಆರಕ್ಕೆ ಕೂತೆವು. ಹೀತ್‌ಕ್ಲಿಫ್‌ಗೆ ಶಿಕ್ಷೆ ಆಗಬೇಕು ಅಂತ ಎಲ್ಲರೂ ಕಾಯುತ್ತಿದ್ದರು. ಆಗುವುದಿಲ್ಲ. ಹಾಗೆ ವಶ ಮಾಡಿಕೊಂಡ ಎರಡೂ ಮನೆ ಕೆಡವಲು ಹಾರೆ ಗುದ್ದಲಿ ಸಿದ್ಧ ಮಾಡಿಕೊಂಡವನಿಗೆ ಕೈ ಎತ್ತುವ ಮನಸ್ಸೇ ಹೋಗಿಬಿಡುತ್ತದೆ. ಇತ್ತ ಕ್ಯಾಥರೀನ್‌ಳ ಮಗಳು ಹೇರ್ಟನ್‌ಗೆ ಓದಲು ಕಲಿಸುತ್ತಿದ್ದಾಳೆ. ಹೀತ್‌ಕ್ಲಿಫ್ ಊಟ ಬಿಟ್ಟು, ಕಿಟಕಿ ತೆರೆದಿಟ್ಟ ಕೋಣೆಯಲ್ಲಿ ಮಳೆಗೆ ತೊಯ್ದು ಸತ್ತು ಬಿದ್ದಿರುತ್ತಾನೆ. ‘ಮನಿ ಕೆಡವಲಿಲ್ಲಲ್ಲ’ ಅಂದರು ಅವ್ವ. ನಾಯಿಯ ಹುಡುಗನಿಗೆ ಸಮಾಧಾನ ಆಗಲಿಲ್ಲ. ಇಷ್ಟು ಮಾಡಿ ಸುಮ್ನೆ ಸಾಯೋದಾ ಅಂತ ಮತ್ತೆ ಮತ್ತೆ ಕೇಳಿದ.

ಕಾಕಾ ಎರಡೂ ಪುಟದ ಕೆಳಗೆ ಗೆರೆ ಹಾಕಿ, ಬಾಕಿ ತೆಗೆಯಲು ಪೆನ್ನು ಊರಿದ್ದರು. ಆಗ ನಾನು ಉಳಿದಿದ್ದ ಕೊನೆಯ ಪುಟ ಓದಿದೆ. ಹೀತ್‌ಕ್ಲಿಫ್ ಸತ್ತದ್ದಕ್ಕೆ ಖರೆ ಅತ್ತವನು ಒಬ್ಬನೇ. ಎಲ್ಲರಿಗಿಂತ ಜಾಸ್ತಿ ಅನ್ಯಾಯ ಆದ ಹೇರ್ಟನ್. ರಾತ್ರಿಯಿಡೀ ಹೆಣದ ಪಕ್ಕ ಕೂತು, ಕೈ ಹಿಡಿದು, ಬೇರೆ ಯಾರೂ ನೋಡಲಾಗದ ಆ ಮುಖಕ್ಕೆ ಮುತ್ತಿಟ್ಟು ಅಳುತ್ತಾನೆ.

ಕಾಕಾ ಪೆನ್ನಿನ ಟೋಪಿ ಹಾಕಿದರು. ‘ಅದಷ್ಟು ಇನ್ನೊಮ್ಮೆ ಓದ್ರಿ’ ಅಂದರು.

ಓದಿದೆ. ನಾಯಿಯ ಹುಡುಗನೂ ಕೇಳುತ್ತಾ ಕೂತಿದ್ದ. ಕಿರ್ದಿ ಪುಸ್ತಕ ಈಗ ನಮ್ಮ ಮನೆಯಲ್ಲಿದೆ, ಬಾಕಿಯ ಜಾಗ ಖಾಲಿಯೇ ಇದೆ.