ಕಾಫಿ ಕಣದಲ್ಲಿ ಕಟ್ಟಿದ ರ‍್ಯಾಲಿ ಕಾರು

ನಮ್ಮ ಮೊದಲ ರೋಲ್ ಕೇಜ್, ಅಂದ್ರೆ ಕಾರು ಪಲ್ಟಿ ಹೊಡೆದರೆ ಒಳಗಿರುವವರನ್ನು ಕಾಯುವ ಪೈಪಿನ ಗೂಡು, ನೇರ ಗುಜರಿಗೆ ಹೋಯಿತು. ಅಲ್ಲಿಂದಲೇ ಶುರು ಮಾಡುತ್ತೇನೆ. ಕೈಯಲ್ಲಿ ಸ್ವಲ್ಪವೇ ದುಡ್ಡಿಟ್ಟುಕೊಂಡು ರ‍್ಯಾಲಿ ಕಾರು ಕಟ್ಟೋಕೆ ಹೊರಡುವವರು ಜಾಸ್ತಿ ಎಡವುವುದೇ ಅಲ್ಲಿ.

ನಮ್ಮ ಟೀಮ್ ಅಂದ್ರೆ ನಾನು ಮತ್ತು ನನ್ನ ತಮ್ಮ, ಅಷ್ಟೇ. ಊರು ಮೂಡಿಗೆರೆ ಕಡೆ. ಓಡಿಸುವವನು ಅವನು, ಸ್ಪ್ಯಾನರ್ ಹಿಡಿಯುವವನೂ ಅವನೇ. ನಾನು ಪಕ್ಕದ ಸೀಟಲ್ಲಿ ಕೂತು ನೋಟ್ಸ್, ಅಂದ್ರೆ ಮುಂದೆ ಬರುವ ತಿರುವುಗಳ ಟಿಪ್ಪಣಿ, ಅವನಿಗೆ ಓದಿ ಹೇಳುತ್ತೇನೆ. ಲೆಕ್ಕದ ಪುಸ್ತಕವೂ ನನ್ನ ಹತ್ತಿರವೇ ಇರುತ್ತದೆ, ಅದಕ್ಕೇ ನಮ್ಮಲ್ಲಿ ಇಷ್ಟು ಜಗಳ. ಕಾರು 2003ರ ಮಾರುತಿ ಎಸ್ಟೀಮ್, 60 ಸಾವಿರಕ್ಕೆ ಸಿಕ್ಕಿತು. ಗಾಡಿ ಹಗುರ. ಅದರ 1298 ಸಿಸಿ ಎಂಜಿನ್ ಜಾತಿಯದೇ ಜಿಪ್ಸಿಯಲ್ಲೂ ಇರುವುದರಿಂದ ಮಲೆನಾಡಿನ ಯಾವ ಮೆಕ್ಯಾನಿಕ್‌ಗೂ ಅದು ಹೊಸದಲ್ಲ.

ಕಾರು ಮನೆಗೆ ಬಂದ ದಿನವೇ ತಮ್ಮ ಶುರು ಮಾಡಿದ. "ಅಕ್ಕ, ಒಂದು ಒಳ್ಳೆ ಕ್ಯಾಮ್ ಹಾಕಿಸಿಬಿಡೋಣ." ಕ್ಯಾಮ್ ಅಂದ್ರೆ ಎಂಜಿನ್ ವಾಲ್ವ್ ತೆರೆಯುವ ಭಾಗ, ಅದನ್ನು ಬದಲಾಯಿಸಿ ಎಂಜಿನ್ ಜೋರು ಮಾಡಿಸುವ ಆಸೆ ಅವನಿಗೆ. ನಾನು ಹೇಳಿದೆ, "ಮೊದಲು ಬ್ರೇಕ್ ಹಿಡಿಯಲಿ ಮಾರಾಯ, ಆಮೇಲೆ ಓಡೋದು." ಎರಡು ದಿನ ಮಾತು ಬಿಟ್ಟ.

ಮೂರನೇ ದಿನ ಇಬ್ಬರೂ ಸೇರಿ ಕಾಫಿ ಒಣಗಿಸುವ ಕಣದಲ್ಲಿ ಕಾರು ಬಿಚ್ಚಿದೆವು. ಹಿಂದಿನ ಸೀಟು, ಕಾರ್ಪೆಟ್, ಬಾಗಿಲಿನ ಒಳಗಿನ ಹಲಗೆ ಎಲ್ಲಾ ತೆಗೆದೆವು. ಫ್ಲೋರಿಗೆ ಅಂಟಿಸಿರುವ ಟಾರಿನ ಹಾಳೆ ಇದೆಯಲ್ಲ, ಅದೊಂದು ಮಾತ್ರ ಸುಮ್ನೆ ಬರಲ್ಲ. ಹೀಟ್ ಗನ್ ಹಿಡಿದು, ಉಳಿಯಲ್ಲಿ ಕೆರೆದು ಕೆರೆದು ನಾಲ್ಕು ಸಂಜೆ ಹೋಯಿತು. ಎಲ್ಲವನ್ನೂ ಚೀಲಕ್ಕೆ ತುಂಬಿ ಕಾಫಿ ತೂಗುವ ಕಾಟಾ ಮೇಲಿಟ್ಟರೆ 43 ಕೆಜಿ ಬಂತು. ಒಂದು ರೂಪಾಯಿ ಖರ್ಚಿಲ್ಲದೆ ಕಾರು ಅಷ್ಟು ಹಗುರಾಯಿತು, ಅಲ್ವಾ? ಎಂಜಿನ್‌ಗೆ ದುಡ್ಡು ಸುರಿಯೋದಕ್ಕಿಂತ ಇದು ಎಷ್ಟೋ ವಾಸಿ.

ಈಗ ಕೇಜ್ ವಿಷಯ. ಪರಿಚಯದ ವೆಲ್ಡರ್ ಒಬ್ಬರು ಕಡಿಮೆಗೆ ಮಾಡಿಕೊಡುತ್ತೇನೆ ಅಂದರು, ನಾವೂ ಖುಷಿಯಾಗಿ ಒಪ್ಪಿಕೊಂಡೆವು. ನೋಡೋಕೆ ಚೆನ್ನಾಗೇ ಇತ್ತು, ಪೇಂಟೂ ಹೊಡೆದಿದ್ದರು. ಸ್ಪರ್ಧೆಗೆ ಮುಂಚೆ ಕಾರಿನ ಸುರಕ್ಷತೆ ಪರೀಕ್ಷಿಸುವ ಸ್ಕ್ರೂಟಿನಿಯಲ್ಲಿ ಕಾರು ನೋಡಲು ಬಂದ ಹಿರಿಯರು ಹೆಚ್ಚು ಮಾತಾಡಲಿಲ್ಲ. ಮಿಕ್ಕಿದ್ದ ಪೈಪ್ ತುಂಡೊಂದು ನಮ್ಮ ಡಿಕ್ಕಿಯಲ್ಲೇ ಬಿದ್ದಿತ್ತು. ಅದನ್ನು ಎತ್ತಿಕೊಂಡು ಒಳಗೆ ಬೆರಳು ಆಡಿಸಿದರು, ಆಮೇಲೆ ನನ್ನ ಕೈಗೆ ಕೊಟ್ಟು "ನೀವೂ ನೋಡಿಮ್ಮ" ಅಂದರು. ಪೈಪಿನ ಒಳಗೆ ಉದ್ದಕ್ಕೂ ಒಂದು ಸಣ್ಣ ಏರು ಬೆರಳಿಗೆ ತಾಗಿತು. ತಗಡು ಸುತ್ತಿ ಬೆಸೆದ ಪೈಪ್ ಅದು, ಕಿಟಕಿಯ ಗ್ರಿಲ್ಲಿಗೆ ಹಾಕುವಂಥದ್ದು. ಕಾರು ಪಲ್ಟಿ ಹೊಡೆದರೆ ಆ ಬೆಸುಗೆಯಲ್ಲೇ ಬಿಚ್ಚಿಕೊಳ್ಳಬಹುದು. ಬೇಕಾಗಿರೋದು ಜೋಡಣೆಯೇ ಇಲ್ಲದ ಸೀಮ್‌ಲೆಸ್ ಪೈಪ್. ತಲೆಯ ಹಿಂದೆ ಬರುವ ದೊಡ್ಡ ಕಮಾನಿಗೆ 45 ಮಿ.ಮೀ. ಅಗಲ, 2.5 ಮಿ.ಮೀ. ದಪ್ಪದ್ದು, ಉಳಿದದ್ದಕ್ಕೆ 38 ಮಿ.ಮೀ. ಅಗಲ, ಅಷ್ಟೇ ದಪ್ಪದ್ದು. ಅದನ್ನು ಬಗ್ಗಿಸುವುದೂ ತಣ್ಣಗಿರುವಾಗಲೇ, ಬೆಂಕಿ ಹಿಡಿದು ಬಗ್ಗಿಸುವಂತಿಲ್ಲ. ಎರಡನೇ ಕೇಜ್‌ಗೆ ಕಾರಿಗಿಂತ ಜಾಸ್ತಿ ದುಡ್ಡಾಯಿತು. ಲೆಕ್ಕದ ಪುಸ್ತಕದ ಆ ಪುಟ ತಿರುಗಿಸುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಸೀಟ್ ಬೆಲ್ಟ್ ಬಗ್ಗೆಯೂ ಒಂದು ಮಾತು. ಯಾರಾದರೂ ಹಳೇದು ಅಗ್ಗಕ್ಕೆ ಕೊಡುತ್ತೇನೆ ಅಂದರೆ ಅದರ ಪಟ್ಟಿಗೆ ಹೊಲಿದಿರುವ ಲೇಬಲ್ ನೋಡಿ, ಅದರ ಮೇಲೆ ಯಾವ ವರ್ಷದವರೆಗೆ ನಡೆಯುತ್ತದೆ ಅಂತ ಇರುತ್ತದೆ. ಅವಧಿ ಮುಗಿದಿದ್ದರೆ ಎಷ್ಟೇ ಹೊಸದಾಗಿ ಕಂಡರೂ ಮುಟ್ಟಬೇಡಿ.

ಮೊದಲ ವರ್ಷ ಬರೀ ಆಟೋಕ್ರಾಸ್ ಆಡಿದೆವು. ಬಯಲಲ್ಲಿ ಮಣ್ಣಿನ ಟ್ರ್ಯಾಕ್, ಒಂದೊಂದೇ ಕಾರು ಬಿಡುತ್ತಾರೆ, ಗಡಿಯಾರದ ಮೇಲೆ ಓಟ. ಅಲ್ಲಿ ನನಗೆ ಸೀಟಿಲ್ಲ. ಬಿಸಿಲಲ್ಲಿ ನಿಂತು ಅಮ್ಮ ಕಟ್ಟಿಕೊಟ್ಟ ಕಡುಬು ತಿನ್ನುತ್ತಾ ಅವನ ಟೈಮ್ ಬರೆದುಕೊಳ್ಳುತ್ತಿದ್ದೆ.

ಅಪ್ಪನಿಗೆ ಇದೆಲ್ಲ ಹುಚ್ಚಾಟ. 2019ರಲ್ಲಿ ರ‍್ಯಾಲಿ ಓಡಿಸುವ ಗೌರವ್ ಗಿಲ್‌ಗೆ ಅರ್ಜುನ ಪ್ರಶಸ್ತಿ ಬಂತಲ್ಲ, ಮೋಟಾರ್ ಸ್ಪೋರ್ಟ್‌ನಲ್ಲಿ ಅದೇ ಮೊದಲನೇದು, ಆ ಪೇಪರ್ ಕತ್ತರಿಸಿ ಅವರ ಮೇಜಿನ ಮೇಲಿಟ್ಟೆವು. ಓದಿದರು. "ಅವನಿಗೆ ಸರ್ಕಾರ ಕೊಟ್ಟಿತು, ನಿಮಗೆ ಯಾರು ಕೊಡ್ತಾರೆ?" ಅಂದರು.

ಎರಡನೇ ವರ್ಷ ರ‍್ಯಾಲಿಗೆ ಇಳಿದೆವು, ಕಾಫಿ ತೋಟದ ಮಣ್ಣು ರಸ್ತೆಗಳಲ್ಲೇ. ಲೈಸೆನ್ಸ್ ಇಬ್ಬರಿಗೂ ಬೇಕು, ಓಡಿಸುವವರಿಗೆ ಮಾತ್ರ ಸಾಲದು. ನೋಟ್ಸನ್ನು ಮೊದಲು ಎಲ್ಲರ ಹಾಗೆ ಇಂಗ್ಲಿಷಲ್ಲೇ ಬರೆದುಕೊಂಡಿದ್ದೆ. ಸ್ಟೇಜ್, ಅಂದ್ರೆ ಗಡಿಯಾರ ಹಿಡಿದು ಓಡಿಸುವ ರಸ್ತೆಯ ಭಾಗ, ಶುರುವಾಗಿ ಎರಡೇ ನಿಮಿಷಕ್ಕೆ ಗಾಬರಿಯಲ್ಲಿ ಲೆಫ್ಟ್ ಅನ್ನೋ ಕಡೆ ರೈಟ್ ಅಂದೆ. ಕಾರು ಸಿಲ್ವರ್ ಓಕ್ ಮರಕ್ಕೆ ಒಂದು ಗೇಣು ಇರುವಾಗ ನಿಂತಿತು. ಅವನು ಬೈಯಲಿಲ್ಲ. "ಅಕ್ಕ, ನೀನು ಮನೇಲಿ ಬೈಯೋ ಹಾಗೇ ಕನ್ನಡದಲ್ಲೇ ಹೇಳು" ಅಂದ. ಅವತ್ತಿಂದ "ಬಲ ನಾಲ್ಕು, ಐವತ್ತು, ಎಡ ಎರಡು, ಒಳಗೆ ಕಲ್ಲು" ಅಂತಲೇ ಓದುತ್ತೇನೆ. ನಂಬರ್ ಚಿಕ್ಕದಾದಷ್ಟೂ ತಿರುವು ಬಿಗಿ, ಐವತ್ತು ಅಂದರೆ ಮುಂದಿನ ತಿರುವಿಗೆ ಇರುವ ಮೀಟರ್. ಎಡ, ಬಲ ಎರಡೂ ಚಿಕ್ಕ ಪದ. ಹೆಲ್ಮೆಟ್ ಒಳಗೆ ಸರಿಯಾಗಿ ಕೇಳಿಸುತ್ತವೆ.

ಆ ರ‍್ಯಾಲಿ ಮುಗಿಸಲಿಲ್ಲ. ಗೇರ್‌ಬಾಕ್ಸ್ ಹೊತ್ತಿರುವ ರಬ್ಬರ್ ಮೌಂಟ್ ಹರಿದು ಗೇರೇ ಬೀಳದ ಹಾಗಾಯಿತು. ಒಂದು ರಬ್ಬರ್! ಮುಂದಿನ ಸಲ ಮೌಂಟ್ ಎಲ್ಲಾ ಹೊಸದು ಹಾಕಿದೆವು, ಎಂಜಿನ್ ಅಡಿಗೆ ಕಲ್ಲು ಬಡಿಯದಂತೆ ಕಾಯುವ ಸಂಪ್ ಗಾರ್ಡ್ ದಪ್ಪ ಮಾಡಿಸಿದೆವು, ಎಂಜಿನ್ ಮುಟ್ಟಲಿಲ್ಲ. ನಮ್ಮ ಕ್ಲಾಸಲ್ಲಿ ಏಳು ಕಾರು ಹೊರಟವು, ನಾಲ್ಕು ವಾಪಸ್ ಬಂದವು, ನಾವು ನಾಲ್ಕನೆಯವರು. ಹಿಂದೆ ಉಳಿದ ಮೂರಕ್ಕೂ ನಮಗಿಂತ ಜೋರು ಎಂಜಿನ್ ಇತ್ತು ಅಂತ ತಮ್ಮನಿಗೆ ದಾರಿಯುದ್ದಕ್ಕೂ ಹೇಳಿದ್ದೇ ಹೇಳಿದ್ದು.

ಈಗ ಎಸ್ಟೀಮ್ ಮತ್ತೆ ಕಣದಲ್ಲಿ ಕಲ್ಲಿನ ಮೇಲೆ ನಿಂತಿದೆ. ಕುಯ್ಲು ಶುರುವಾಗುವಷ್ಟರಲ್ಲಿ ತೆಗೆಯಬೇಕು, ಇಲ್ಲದಿದ್ದರೆ ಹಣ್ಣನ್ನು ಅದರ ಮೇಲೇ ಹರಡುತ್ತೇನೆ ಅಂತ ಅಪ್ಪ ಹೇಳಿಯಾಗಿದೆ. ತಮ್ಮ ನಿನ್ನೆ ರಾತ್ರಿ ಮತ್ತೆ ಕ್ಯಾಮ್ ರೇಟು ಕೇಳಿಕೊಂಡು ಬಂದಿದ್ದಾನೆ.